ನೆಲವನ್ನು ಓದತಕ್ಕದ್ದು: ಒಂದು ವಾಕ್ಯದ ವ್ಯಾಖ್ಯಾನ

ವಾಕ್ಯ: ಕೃಷ್ಣಮೂರ್ತಿಪುರದಲ್ಲಿ ನೆಲಸಿ, ಕನ್ನಡವನ್ನು ಪ್ರಧಾನವಾಗಿ ಹಿಡಿದ ವಿದ್ಯಾರ್ಥಿಯು ಪುರಾತತ್ತ್ವವನ್ನು ಉಪವಿಷಯವಾಗಿ ಕೈಗೊಂಡು ನೆಲವನ್ನು ಪದರಪದರವಾಗಿ ಓದತಕ್ಕದ್ದು.

'ಕೃಷ್ಣಮೂರ್ತಿಪುರದಲ್ಲಿ ನೆಲಸಿ' ಎಂಬುದು ಸ್ಥಳನಿರ್ದೇಶ. ಶಾರದಾವಿಲಾಸ ವಿದ್ಯಾಸಂಸ್ಥೆಗಳಿರುವ ಈ ಬಡಾವಣೆಯಿಂದ, ಅಂದರೆ ಮೈಸೂರಿಗರು ಕೆ.ಎಂ.ಪುರಂ ಎಂದು ಕರೆಯುವ ಎಡೆಯಿಂದ, ಮಹಾರಾಜ ಕಾಲೇಜೂ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ನಡೆದು ಹೋಗುವಷ್ಟು ಹತ್ತಿರ. ಕುಕ್ಕರಹಳ್ಳಿ ಕೆರೆಯ ಆಚೆಗೆ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿ. ಉಪವಿಷಯಕ್ಕೆ ವೇಳಾಪಟ್ಟಿಯಲ್ಲಿ ದೊರೆಯುವ ಹೊತ್ತು ಅಲ್ಪ. ಆ ಕೊರತೆಯನ್ನು ತುಂಬುವುದು ಸಾಮೀಪ್ಯವೇ. ಆದಕಾರಣ ಬಡಾವಣೆಯ ಹೆಸರು ವಾಕ್ಯದ ಮೊದಲಲ್ಲಿ ನಿಂತಿದೆ.

'ಪ್ರಧಾನವಾಗಿ ಹಿಡಿದ' ಎಂದರೆ ಯಾವುದರಲ್ಲಿ ಪಾಂಡಿತ್ಯವೇ ಗುರಿಯೋ ಅದನ್ನು ಬಿಡದ ಎಂದರ್ಥ. ಪದವಿಯ ಚೌಕಟ್ಟು ಹಲವು ಬಾರಿ ಬದಲಾಗಿದೆ. 2021-22ರಲ್ಲಿ ಮೇಜರ್, ಮೈನರ್ ಎಂಬ ವಿಭಾಗ ರಾಜ್ಯದಲ್ಲಿ ಬಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಯ ಕ್ರಮ. ಚೌಕಟ್ಟು ಯಾವುದಾದರೂ ಈ ವಾಕ್ಯದ ಅನ್ವಯ ಕೆಡದು.

'ಉಪವಿಷಯವಾಗಿ' ಎಂಬಲ್ಲಿ ಶಂಕೆ: ಉಪ ಎಂದರೆ ಕಿರಿದಲ್ಲವೆ? ಎರಡನೆಯದಾಗಿ ಓದಿದ್ದು ಅರೆಬರೆಯಾಗದೆ? ಸಮಾಧಾನ: ಉಪ ಎಂದರೆ ಬಳಿ, ಸಮೀಪ. ಪ್ರಧಾನದ ಬಳಿ ನಿಂತು ಅದಕ್ಕೆ ಸಾಕ್ಷ್ಯ ಒದಗಿಸುವುದು ಉಪವಿಷಯ. ಇದಕ್ಕೆ ಮೈಸೂರಿನ ಚರಿತ್ರೆಯೇ ಪ್ರಮಾಣ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ 1885ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ನಿರ್ದೇಶಕರಾದ ಬಿ.ಎಲ್. ರೈಸ್ ವೃತ್ತಿಯಿಂದ ಶಿಕ್ಷಣಾಧಿಕಾರಿ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳು ಅವರ ಕೈಯಿಂದ ಮೂಡಿದವು. 1906ರಲ್ಲಿ ಅವರ ತರುವಾಯ ಬಂದ ಆರ್. ನರಸಿಂಹಾಚಾರ್ಯರು ಕನ್ನಡದ ವಿದ್ವಾಂಸರು, 'ಕರ್ಣಾಟಕ ಕವಿಚರಿತೆ'ಯ ಕರ್ತೃಗಳು. ಆಮೇಲಿನ ಆರ್. ಶಾಮಶಾಸ್ತ್ರಿಗಳು ಸಂಸ್ಕೃತಜ್ಞರು, ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು. ಬಳಿಕ ಡಾ. ಎಂ.ಎಚ್. ಕೃಷ್ಣ, ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರು. ಇವರೆಲ್ಲರೂ ಬೇರೊಂದು ವಿದ್ಯೆಯಲ್ಲಿ ಬೇರೂರಿ ಪುರಾತತ್ತ್ವಕ್ಕೆ ಬಂದವರು. ಕವಿಚರಿತೆ ಬರೆದವರಿಗೆ ಕವಿಯ ಕಾಲವನ್ನು ಗೊತ್ತುಮಾಡಲು ಶಾಸನ ಬೇಕಾಯಿತು; ಶಾಸನವನ್ನು ತಿಳಿಯಲು ಹಳಗನ್ನಡ ಬೇಕಾಯಿತು. ಎರಡು ವಿದ್ಯೆಗಳ ಕೊಡುಕೊಳೆ ಇಂಥದು.

'ಪುರಾತತ್ತ್ವ' ಎಂದರೆ ಹಿಂದಿನವರು ಬಿಟ್ಟುಹೋದ ವಸ್ತುವಿನಿಂದ ಅವರ ಬಾಳನ್ನು ಅರಿಯುವ ವಿದ್ಯೆ. ಹಲ್ಮಿಡಿ ಶಾಸನವನ್ನು ತೆಗೆದುಕೊಳ್ಳುವುದು. 1936ರಲ್ಲಿ ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನಕ್ಕೆ ಹದಿನಾರು ಸಾಲು, ಆದರೆ ತೇದಿಯಿಲ್ಲ. ಕನ್ನಡದ ವಿದ್ಯಾರ್ಥಿ ಅದರಲ್ಲಿ ಪದರೂಪವನ್ನೂ ವಿಭಕ್ತಿಯನ್ನೂ ಸಂಸ್ಕೃತದ ದಟ್ಟಣೆಯನ್ನೂ ಕಾಣುತ್ತಾನೆ. ಅದರ ಕಾಲ ಕ್ರಿ.ಶ. ಸುಮಾರು 450 ಎಂಬುದು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಪವಿಷಯದ್ದು. ಅಕ್ಷರದ ಆಕಾರ, ಅದರಲ್ಲಿ ಹೆಸರಿಸಿದ ಕದಂಬ ಅರಸನ ಕಾಲ, ಇವುಗಳನ್ನು ತೂಗಿ ಆಡಿದ ಮಾತು ಅದು. ಕಲ್ಲಿನ ಮೇಲೆ ಬರೆದಿರುವ ಮಾತಲ್ಲ. ಈ ವ್ಯತ್ಯಾಸವನ್ನು ತಿಳಿದವನೇ ಆ ಕಾಲನಿರ್ಣಯದ ಬಗೆಗಿನ ಚರ್ಚೆಯಲ್ಲಿ ಮಾತಾಡಲು ಅರ್ಹ.

'ಪದರಪದರವಾಗಿ' ಎಂಬ ದ್ವಿರುಕ್ತಿಯಲ್ಲಿ ವಾಕ್ಯದ ಜೀವವಿದೆ. ಕದಡದ ನೆಲದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಈಚಿನದು. ಇದರ ಮೇಲ್ಪಂಕ್ತಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ. ಅಲ್ಲಿ ಅಶೋಕನ ಶಾಸನವನ್ನು ರೈಸ್ 1892ರಲ್ಲಿ ಕಂಡರು. ಕೃಷ್ಣ ಅವರು ಅಲ್ಲಿ ಅಗೆದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಮತ್ತೆ ಅಗೆದರು. ತಳದಲ್ಲಿ ಉಜ್ಜಿ ನಯಮಾಡಿದ ಕಲ್ಗೊಡಲಿಯವರ ನೆಲೆ, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಸಮಾಧಿಯವರದು, ಅದಕ್ಕೂ ಮೇಲೆ ಸಾತವಾಹನ ಕಾಲದ್ದು. ಮೇಲಿನ ಪದರದಲ್ಲಿ ಚುಕ್ಕೆಸಾಲಿನ ಬಳೆಗಳನ್ನು ಒತ್ತಿದ ರೌಲೆಟೆಡ್ ಮಡಕೆಯ ಚೂರು ದೊರೆಯಿತು. ಆ ಬಗೆಯ ಮಡಕೆಯ ಕಾಲ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಸರಕಿನೊಡನೆ ಮೊದಲೇ ಗೊತ್ತಾಗಿತ್ತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೋ ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸನ ನಾಣ್ಯ ಸಿಕ್ಕಿತು. ಹೀಗೆ ಒಂದು ಚೂರಿನ, ಒಂದು ನಾಣ್ಯದ ಆಧಾರದಿಂದ ತೇದಿಯಿಲ್ಲದ ಕೆಳಪದರಗಳಿಗೂ ಕಾಲ ಹೇಳಲು ದಾರಿಯಾಯಿತು. ಮುಂದೆ ರೇಡಿಯೋ ಕಾರ್ಬನ್ ಪರೀಕ್ಷೆ ಬಂದಾಗ ದಕ್ಷಿಣದ ನವಶಿಲಾಯುಗ ವ್ಹೀಲರ್ ಎಣಿಸಿದ್ದಕ್ಕಿಂತ ಬಹಳ ಹಿಂದೆ, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ವರ್ಷದ ಎಣಿಕೆ ಬದಲಾಯಿತು. ಪದರದ ಕ್ರಮ ಹಾಗೆಯೇ ಉಳಿಯಿತು. ವಿದ್ಯಾರ್ಥಿ ಇಲ್ಲಿ ಬಹಳ ಹೊತ್ತು ನಿಲ್ಲಬೇಕು.

'ಓದತಕ್ಕದ್ದು' ಎಂಬುದು ವಿಧಿ, ಅಂದರೆ ಮಾಡಲೇಬೇಕಾದುದು. ಪುಸ್ತಕವಾದರೆ ಹಿಂದಿನ ಪುಟಕ್ಕೆ ಮರಳಬಹುದು. ಅಗೆದ ಪದರ ಮರಳದು. ಆದ್ದರಿಂದ ಕರಣೆಯಿಂದ ಮಣ್ಣನ್ನು ಕೆರೆಯುವುದರ ಜೊತೆಗೇ ಅಳೆಯುವುದು, ನಕ್ಷೆ ಬರೆಯುವುದು, ಚೂರಿನ ಚೀಲಕ್ಕೆ ಗುಂಡಿಯ ಹೆಸರು, ಪದರ, ಆಳ, ತೇದಿಗಳ ಚೀಟಿ ಕಟ್ಟುವುದು. ಕಲ್ಬರಹವಾದರೆ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿಯೊತ್ತಿ ಪಡಿಯಚ್ಚು ತೆಗೆಯುವುದು. ಮೈಸೂರಿಗೆ ಸಮೀಪದ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಗಳು ಕೂಡುವೆಡೆಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಂ. ಶೇಷಾದ್ರಿ ಅವರು ಅಗೆಸಿದಾಗ ನವಶಿಲಾಯುಗದವರ ಮಣ್ಣಿನ ತಲೆಯಾನಿಕೆ, ಅಂದರೆ ಮಲಗುವಾಗ ಕತ್ತಿಗೆ ಇಡುವ ಸಾಧನ, ದೊರಕಿತು. ಅದರ ವರದಿ 1971ರಲ್ಲಿ ಅಚ್ಚಾಯಿತು. ಅಗೆದ ಗುಂಡಿ ಇಂದು ಕಾಣಸಿಗದಿದ್ದರೂ, ಆ ವಸ್ತು ಯಾವ ಪದರದ್ದು, ಅದರ ಜೊತೆಗೆ ಇನ್ನೇನಿತ್ತು ಎಂಬುದನ್ನು ಆ ವರದಿಯ ಪುಟಗಳನ್ನು ತೆರೆದು ವಿಚಾರಿಸಬಹುದು, ಒಪ್ಪದವನು ವಾದಿಸಲೂಬಹುದು.