ಗಂಟೆಗೆ ಎಷ್ಟು ಕೆಬಿ? ನಿಧಾನ ಇಂಟರ್ನೆಟ್ ಮತ್ತು ಸ್ವಯಂಸೇವಾ ಕಂಪ್ಯೂಟಿಂಗ್ ಯೋಜನೆಗಳ ಆಯ್ಕೆ: ಒಂದು ವಿಮರ್ಶೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

 

ನಮ್ಮ ಕಂಪ್ಯೂಟರ್ ಸುಮ್ಮನೆ ಕೂತಿರುವ ಹೊತ್ತನ್ನು ವಿಜ್ಞಾನಿಗಳಿಗೆ ಬಿಟ್ಟುಕೊಡುವುದಕ್ಕೆ ಸ್ವಯಂಸೇವಾ ಕಂಪ್ಯೂಟಿಂಗ್ ಅಂತೀವಿ. ದೊಡ್ಡ ಲೆಕ್ಕವನ್ನು ಸಣ್ಣ ತುಂಡುಗಳಾಗಿ ಒಡೆದು ಸಾವಿರಾರು ಮನೆಗಳಿಗೆ ಕಳಿಸ್ತಾರೆ. ಮನೆಯ ಯಂತ್ರ ಲೆಕ್ಕ ಮಾಡಿ ಉತ್ತರವನ್ನು ವಾಪಸ್ ಕಳಿಸ್ತದೆ. ಇದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿದ ಕೂಡಲೇ ಬರುವ ಮಾತು ಒಂದೇ: "ಸರ್, ನಮ್ಮಲ್ಲಿ ನೆಟ್ ಸ್ಲೋ, ನಮಗೆ ಆಗಲ್ಲ." ಈ ಮಾತು ಅರ್ಧ ಮಾತ್ರ ನಿಜ ಅನ್ನುವುದು ನನ್ನ ವಾದ. ತಂತಿ ನಿಧಾನವಾಗಿದ್ದರೂ ಈ ಕೆಲಸ ಮಾಡಬಹುದು. ಆದರೆ ಯಾವ ಯೋಜನೆ ಆರಿಸಬೇಕು ಅನ್ನುವುದಕ್ಕೆ ನಮಗೆ ಕೊಟ್ಟಿರುವ ಅಳತೆಗೋಲೇ ಸರಿಯಿಲ್ಲ.

ಪಟ್ಟಿಯಲ್ಲಿ ಇಲ್ಲದ ಕಾಲಂ

ಬರ್ಕ್ಲಿಯಲ್ಲಿ ಹುಟ್ಟಿದ ಬಾಯಿಂಕ್ ತಂತ್ರಾಂಶ ತನ್ನ ಯೋಜನೆಗಳ ಪಟ್ಟಿಯನ್ನು ಪ್ರಕಟಿಸಿದೆ. ಯೋಜನೆಯ ಹೆಸರು, ವಿಷಯ, ನಡೆಸುವ ಸಂಸ್ಥೆ, ಯಾವ ಯಂತ್ರಗಳಲ್ಲಿ ಓಡುತ್ತದೆ, ಇಷ್ಟೂ ಅಲ್ಲಿದೆ. ಎಷ್ಟು ಡೇಟಾ ಇಳಿಸಿಕೊಳ್ಳುತ್ತದೆ, ಎಷ್ಟು ವಾಪಸ್ ಕಳಿಸುತ್ತದೆ ಅನ್ನುವ ಕಾಲಂ ಇಲ್ಲ. ಯೋಜನೆ ಆರಿಸುವ ಕಷ್ಟವೇ ಬೇಡ ಎಂದು ಅವರೇ ಮಾಡಿದ ಸೈನ್ಸ್ ಯುನೈಟೆಡ್ ಅನ್ನುವ ವ್ಯವಸ್ಥೆಯೂ ಹೀಗೆಯೇ. ಯಾವ ವಿಜ್ಞಾನ ಇಷ್ಟ, ಯಾವ ಪ್ರದೇಶದ ಸಂಶೋಧನೆ ಇಷ್ಟ ಎಂದು ಕೇಳಿ ಅದು ತಾನೇ ಹಂಚುತ್ತದೆ. ನಿಮ್ಮ ತಂತಿ ಎಂಥದ್ದು ಎಂಬುದು ಆ ಆಯ್ಕೆಯ ಭಾಗವಲ್ಲ. ಪಟ್ಟಿ ಮಾಡಿದವರಿಗೆ ಇಂಟರ್ನೆಟ್ ಎಂದರೆ ಗೋಡೆಯೊಳಗಿನ ಗಾಳಿಯ ಹಾಗೆ, ಇದ್ದೇ ಇರುತ್ತದೆ.

ಆದರೆ ಈ ಚಳವಳಿ ಹುಟ್ಟಿದ್ದು ಹಾಗಲ್ಲ. 1999ರ ಮೇ ತಿಂಗಳಲ್ಲಿ ಸೆಟಿ ಅಟ್ ಹೋಮ್ ಶುರುವಾದಾಗ ಅದರ ಒಂದು ಕೆಲಸದ ತುಂಡು ಸುಮಾರು 340 ಕೆಬಿ ಇತ್ತು. ಅಂದಿನ 56 ಕೆಬಿಪಿಎಸ್ ಮೋಡೆಮ್‌ನಲ್ಲಿ ಅದು ಸುಮಾರು ಒಂದು ನಿಮಿಷದಲ್ಲಿ ಇಳಿಯುತ್ತಿತ್ತು. ಲೆಕ್ಕ ಮುಗಿಯಲು ಅಂದಿನ ಯಂತ್ರಗಳಿಗೆ ಹತ್ತಾರು ಗಂಟೆ ಬೇಕಿತ್ತು. ಹತ್ತೇ ಗಂಟೆ ಅಂದುಕೊಂಡರೂ ಗಂಟೆಗೆ 34 ಕೆಬಿ.

ಈಗ ನಮ್ಮ ಕಡೆ ಬನ್ನಿ. ಮನೆವರೆಗೆ ಫೈಬರ್ ಬಾರದ ಕಡೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನದ ಡೇಟಾ ಮುಗಿದರೆ ಅನೇಕ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳೀತದೆ. ಅಂದರೆ ನಮ್ಮ ಅತ್ಯಂತ ಕೆಟ್ಟ ಹೊತ್ತು ಕೂಡ 1999ರ ಒಳ್ಳೆಯ ಹೊತ್ತಿಗಿಂತ ಕೀಳಲ್ಲ! ಅಂದು ಆಗುತ್ತಿದ್ದದ್ದು ಇಂದು ಆಗುತ್ತಿಲ್ಲವಾದರೆ, ಬದಲಾಗಿರುವುದು ಯೋಜನೆಗಳ ಊಹೆಯೇ ಹೊರತು ನಮ್ಮ ತಂತಿಯಲ್ಲ.

ಮಗ್ಗದ ನ್ಯಾಯ

ಹಾಗಾದರೆ ಸರಿಯಾದ ಅಳತೆ ಯಾವುದು? ನಮ್ಮ ಊರಿನ ನೇಕಾರರನ್ನು ಕೇಳಿದರೆ ಸಾಕು. ಸಾಹುಕಾರರ ಹತ್ತಿರ ನೂಲು ತಂದು, ಮನೆಯ ಮಗ್ಗದಲ್ಲಿ ನೇಯ್ದು, ಸೀರೆ ಕೊಟ್ಟು ಬರುವವರಿಗೆ ದಾರಿ ಎಷ್ಟು ದೂರ ಎಂಬುದಕ್ಕಿಂತ, ಒಮ್ಮೆ ತಂದ ನೂಲು ಎಷ್ಟು ದಿನದ ಕೆಲಸ ಕೊಡುತ್ತದೆ ಎಂಬುದು ಮುಖ್ಯ. ನಾರಾಯಣಪೇಟೆಯಲ್ಲಿ ಒಮ್ಮೆ ಹಾಸು ಏರಿಸಿದರೆ ಎಂಟು ಸೀರೆ ನೇಯುವ ವಾಡಿಕೆ ಇದೆ. ಅದೇ ನ್ಯಾಯ ಇಲ್ಲಿಗೂ. ನೋಡಬೇಕಾದ್ದು ಮೂರು: ಒಂದು ಗಂಟೆಯ ಲೆಕ್ಕಕ್ಕೆ ಎಷ್ಟು ಕೆಬಿ ಓಡಾಡಬೇಕು, ವಾಪಸ್ ಕೊಡುವ ಗಡುವು ಎಷ್ಟು ದಿನ, ನಡುವೆ ತಂತಿ ಕಡಿದರೆ ಕಳಿಸಿದಷ್ಟು ಉಳಿಯುತ್ತದೋ ಇಲ್ಲವೋ. ಮೂರನೆಯದಕ್ಕೆ ಬಾಯಿಂಕ್‌ನಲ್ಲಿ ಉತ್ತರ ಒಳ್ಳೆಯದಿದೆ. ನಿಂತ ಕಡೆಯಿಂದ ಮತ್ತೆ ಶುರುಮಾಡುತ್ತದೆ. ಮೊದಲೆರಡರಲ್ಲೇ ಯೋಜನೆಗಳ ನಡುವೆ ಅಜಗಜಾಂತರ.

ಐನ್‌ಸ್ಟೈನ್ ಅಟ್ ಹೋಮ್ ಎಂಟು ಸೀರೆಯ ಹಾಸಿಗೆ ಹತ್ತಿರ. ಅದರ ಗುರುತ್ವ ಅಲೆಗಳ ಹುಡುಕಾಟದಲ್ಲಿ ಮೊದಲಿಗೆ ದೊಡ್ಡ ಫೈಲ್‌ಗಳು ಬರುತ್ತವೆ. ಆಮೇಲೆ, ಆಗಲೇ ನಿಮ್ಮ ಡಿಸ್ಕ್‌ನಲ್ಲಿರುವ ಫೈಲ್‌ಗಳಿಗೆ ಹೊಂದುವ ಕೆಲಸವನ್ನೇ ಸರ್ವರ್ ಹುಡುಕಿ ಕೊಡುತ್ತದೆ. ಆ ಮೊದಲ ಡೌನ್‌ಲೋಡನ್ನು ಕಾಲೇಜಿನ ವೈಫೈನಲ್ಲಿ ಮಾಡಿಕೊಂಡರೆ ಮನೆಯಲ್ಲಿ ಬಹಳ ದಿನ ನಡೆಯುತ್ತದೆ.

ರೊಸೆಟ್ಟಾ ಅಟ್ ಹೋಮ್‌ನಲ್ಲಿ ಒಂದು ಕೆಲಸ ಎಷ್ಟು ಗಂಟೆ ಓಡಬೇಕು ಎಂದು ನಾವೇ ಹೇಳಬಹುದು. ಅವಧಿ ಹೆಚ್ಚಿಸಿದರೆ ಅದೇ ಡೌನ್‌ಲೋಡ್‌ಗೆ ಹೆಚ್ಚು ಲೆಕ್ಕ. ಇದು ನಿಧಾನ ತಂತಿಯವರನ್ನು ನೆನಪಿಟ್ಟ ವಿನ್ಯಾಸ. ಆದರೆ ಗಡುವು ಮೂರೇ ದಿನ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಫೋಲ್ಡಿಂಗ್ ಅಟ್ ಹೋಮ್‌ನ ಹೆಸರು ಎಲ್ಲರಿಗೂ ಗೊತ್ತು. 2020ರಲ್ಲಿ ಕೋವಿಡ್ ಪ್ರೋಟೀನುಗಳ ಲೆಕ್ಕಕ್ಕೆ ಜಗತ್ತೇ ಸೇರಿತು. ಆದರೆ ಅಲ್ಲಿ ಒಬ್ಬರ ಉತ್ತರ ಬಂದ ಮೇಲೇ ಅದರ ಮುಂದಿನ ಕಂತು ಇನ್ನೊಬ್ಬರಿಗೆ ಹೋಗುವುದು. ತಡವಾದರೆ ಸರಪಳಿ ನಿಲ್ಲುತ್ತದೆ; ಅದಕ್ಕೇ ಬೇಗ ಕೊಟ್ಟವರಿಗೆ ಬೋನಸ್ ಅಂಕ. ನಿಧಾನ ತಂತಿಯಿಂದ ಸೇರುವುದೆಂದರೆ ಇಡೀ ಸಾಲನ್ನು ಕಾಯಿಸುವುದು. ಪುಣ್ಯದ ಕೆಲಸ ಅನ್ನುವ ಕಾರಣಕ್ಕೆ ಇದನ್ನು ಆರಿಸುವವರು ಈ ಮಾತನ್ನು ಯೋಚಿಸಬೇಕು.

ಇನ್ನು ಜಿಂಪ್ಸ್. 1996ರಿಂದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಿದೆ. ನಿಧಾನ ನೆಟ್‌ಗೆ ಇದೇ ಅತ್ಯುತ್ತಮ, ನಾಲ್ಕು ಸಾಲು ಹೋಗಿ ಬಂದರೆ ಸಾಕು ಎಂಬ ಸಲಹೆ ಇಂದಿಗೂ ಓಡಾಡುತ್ತದೆ. ಈ ಸಲಹೆ ಹಳತಾಗಿದೆ. 2020ರಿಂದ ಮೊದಲ ಪರೀಕ್ಷೆಯ ಜೊತೆಗೆ ಒಂದು ಪ್ರೂಫ್ ಫೈಲ್ ಕಳಿಸುವ ಪದ್ಧತಿ ಬಂತು. ಎರಡನೆಯವರು ಇಡೀ ಲೆಕ್ಕವನ್ನು ಮತ್ತೆ ಮಾಡುವುದು ತಪ್ಪಿತು, ಒಳ್ಳೆಯದೇ. ಆದರೆ ಘಾತ 12 ಕೋಟಿಯ ಆಸುಪಾಸು ಇದ್ದರೆ ಆ ಫೈಲ್ ಸುಮಾರು 135 ಎಂಬಿ ಆಗಬಹುದು. 64 ಕೆಬಿಪಿಎಸ್‌ನಲ್ಲಿ ಅದನ್ನು ಏರಿಸಲು ನಾಲ್ಕೂವರೆ ಗಂಟೆಗೂ ಹೆಚ್ಚು ಹೊತ್ತು. ಹಾಗಂತ ಬಿಟ್ಟುಬಿಡಬೇಕಿಲ್ಲ. ಯಂತ್ರಕ್ಕೆ ಹತ್ತು ದಿನದ ಕೆಲಸ ಎಂದು ಹಿಡಿದರೆ ಗಂಟೆಗೆ ಸುಮಾರು 560 ಕೆಬಿ ಆಯಿತು. ಅದೂ ಬೇಡವೆಂದರೆ ಅಲ್ಲೇ ಅಪವರ್ತನ ಹುಡುಕುವ ಕೆಲಸ ಕೇಳಬಹುದು; ಅದರ ಫಲಿತಾಂಶ ನಿಜಕ್ಕೂ ಒಂದೆರಡು ಸಾಲು.

ಮಳೆಯ ಲೆಕ್ಕ ನಮಗೆ ದೂರ

ನನ್ನ ದೊಡ್ಡ ತಕರಾರು ಇರುವುದು ಇಲ್ಲಿ. ನಮ್ಮದು ಮಳೆ ನಂಬಿದ ಸೀಮೆ. ಆಲಮಟ್ಟಿ, ನಾರಾಯಣಪುರದಿಂದ ನೀರು ಬಿಟ್ಟರೆ ಜುರಾಲಾಕ್ಕೆ ಜೀವ. ಇಲ್ಲಿಯ ವಿದ್ಯಾರ್ಥಿಯನ್ನು ಯಾವ ಯೋಜನೆ ಬೇಕು ಎಂದು ಕೇಳಿದರೆ ಹವಾಮಾನ ಅಂತಾನೆ, ಅದು ಸಹಜ. 2003ರಲ್ಲಿ ಆಕ್ಸ್‌ಫರ್ಡ್‌ನಿಂದ ಶುರುವಾದ ಕ್ಲೈಮೇಟ್‌ಪ್ರಿಡಿಕ್ಷನ್ ಯೋಜನೆ ಅದಕ್ಕೆಂದೇ ಇದೆ. ಆದರೆ ಹವಾಮಾನ ಮಾದರಿ ಓಡುತ್ತಾ ಹೋದಂತೆ ದೊಡ್ಡ ದೊಡ್ಡ ಫೈಲ್‌ಗಳನ್ನು ಕಂತುಗಳಲ್ಲಿ ಏರಿಸಬೇಕು. ಇಳಿಸುವ ವೇಗಕ್ಕಿಂತ ಏರಿಸುವ ವೇಗ ಕಡಿಮೆ ಇರುವ ನಮ್ಮ ತಂತಿಗಳಿಗೆ ಇದೇ ಅತಿ ಭಾರ. ಮಳೆ ಯಾರಿಗೆ ಹೆಚ್ಚು ಮುಖ್ಯವೋ, ಮಳೆಯ ಲೆಕ್ಕದಲ್ಲಿ ಪಾಲುಗೊಳ್ಳುವುದು ಅವರಿಗೇ ಹೆಚ್ಚು ಕಷ್ಟ. ಇದು ಯಾರೋ ಬೇಕೆಂದು ಮಾಡಿದ್ದಲ್ಲ. ಯಾರೂ ಆ ಕಾಲಂ ತುಂಬಲಿಲ್ಲ, ಅಷ್ಟೇ.

ಹಾಗಾಗಿ ನನ್ನ ಸೂಚನೆ ಇದು. ನಾವೇ ಅಳೆಯೋಣ. ಅನುಮತಿ ಪಡೆದ ಯಂತ್ರದಲ್ಲಿ ಒಂದೊಂದು ಯೋಜನೆಯನ್ನು ಒಂದೊಂದು ವಾರ ಓಡಿಸಿ, ಇಳಿದದ್ದು, ಏರಿದ್ದು, ಲೆಕ್ಕ ಮಾಡಿದ ಗಂಟೆ, ಗಡುವು ಬರೆದಿಡೋಣ. ಬಾಯಿಂಕ್‌ನಲ್ಲಿ ಇಷ್ಟು ದಿನಕ್ಕೆ ಇಷ್ಟೇ ಎಂಬಿ ಎಂದು ಮಿತಿ ಹಾಕಬಹುದು, ನೆಟ್ ಬಳಸುವ ಹೊತ್ತನ್ನು ನಿಗದಿ ಮಾಡಬಹುದು, ಕೆಲವು ದಿನದ ಕೆಲಸವನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ಈ ಮೂರನ್ನು ಸರಿಮಾಡದೆ ಯಾವ ಯೋಜನೆಯನ್ನೂ ಆಗಲ್ಲ ಎಂದು ತಳ್ಳಿಹಾಕಬಾರದು.

ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ಅಧ್ಯಾಪಕರು): ಮಿಷನ್ ಭಗೀರಥದ ನೀರಿನ ಪೈಪಿನ ಜೊತೆಗೇ ಟಿ-ಫೈಬರ್ ಕೇಬಲ್ ಬರ್ತಿದೆಯಲ್ಲಪ್ಪಾ. ನಾಳೆ ಎಲ್ಲರಿಗೂ ವೇಗ ಸಿಕ್ಕರೆ ನಿನ್ನ ಈ ಅಳತೆಗೆ ಏನು ಬೆಲೆ?

ಉತ್ತರ: ಬರಲಿ ಸರ್, ಸಂತೋಷ. ಆದರೆ ಗಂಟೆಗೆ ಎಷ್ಟು ಕೆಬಿ ಅನ್ನೋ ಪ್ರಶ್ನೆ ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಊರೂರಲ್ಲಿ ಫೋನ್ ಹಾಟ್‌ಸ್ಪಾಟ್ ಮೇಲೆ ಬದುಕುವವರು ಇದ್ದಾರೆ. ನಮಗೆ ಫೈಬರ್ ಬಂದ ಮೇಲೂ ಅವರಿಗೆ ಆ ಪಟ್ಟಿ ಬೇಕು.

ಪ್ರಶ್ನೆ (ವಿದ್ಯಾರ್ಥಿನಿ): ಕರೆಂಟ್ ಬಿಲ್ ಯಾರು ಕೊಡ್ತಾರೆ ಅಣ್ಣಾ?

ಉತ್ತರ: ನಾವೇ ಕೊಡ್ಬೇಕಮ್ಮಾ. 60 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಬೇಸಿಗೆಯಲ್ಲಿ ಯಂತ್ರ ಕಾಯುವುದು ಬೇರೆ. ಅದಕ್ಕೇ ಮನೆಯವರನ್ನು ಕೇಳಿಯೇ ಶುರುಮಾಡು, ರಾತ್ರಿ ಹೊತ್ತಷ್ಟೇ ಓಡಿಸು. ಆ 18 ಯೂನಿಟ್‌ನಲ್ಲಿ ಹೆಚ್ಚು ಭಾಗ ಲೆಕ್ಕಕ್ಕೆ ಹೋಗಬೇಕು, ಫೈಲ್ ಇಳಿಯಲಿ ಎಂದು ಕಾಯುವುದಕ್ಕೆ ಹೋಗಬಾರದು. ಯೋಜನೆಯನ್ನು ನೋಡಿ ಆರಿಸು ಅಂತ ನಾನು ಹೇಳುವುದು ಅದಕ್ಕೇ.