ದುಡಿಯುವ ತೋಳಿಗೆ ಕೊಕ್ಕೆಯೇ ಲೇಸು

ಕೈ ಕಳೆದುಕೊಂಡವರಿಗೆ ಕೈಯಂತೆಯೇ ಕಾಣುವ ಕೈ ಕೊಡಿಸಬೇಕು, ದುಡ್ಡಿದ್ದರೆ ಬ್ಯಾಟರಿ ಕೈ ಹಾಕಿಸಬೇಕು, ಉಕ್ಕಿನ ಕೊಕ್ಕೆ ಏನಿದ್ದರೂ ಗತಿಯಿಲ್ಲದವರಿಗೆ. ಊರವರೂ ಹೀಗೇ ಹೇಳುತ್ತಾರೆ, ಶಿಬಿರ ನಡೆಸುವ ದಾನಿಗಳೂ ಹೀಗೇ ನಂಬಿದ್ದಾರೆ. ರಾಯಚೂರು ಜಿಲ್ಲೆಯ ನಮ್ಮ ಗಬ್ಬೂರಿನ ಸುತ್ತ ಹೊಲದಲ್ಲಿ ದುಡಿದು ಉಣ್ಣುವವರ ಮಟ್ಟಿಗೆ ಈ ನಂಬಿಕೆ ತಪ್ಪು, ಅದರಿಂದ ನಷ್ಟವೂ ಆಗುತ್ತಿದೆ.

ಇಲ್ಲಿನ ಕೆಲಸ ಎಂಥದ್ದು ನೋಡಿ. ಎರೆ ಹೊಲದಲ್ಲಿ ಹತ್ತಿ, ತೊಗರಿ. ನಾರಾಯಣಪುರ ಬಲದಂಡೆ ಕಾಲುವೆ ನೀರು ಮುಟ್ಟಿದಲ್ಲಿ ಭತ್ತ. ಸಲಿಕೆ ಹಿಡಿದು ಬದು ಹಾಕಬೇಕು, ಚೀಲ ಎತ್ತಬೇಕು, ಎತ್ತಿನ ಹಗ್ಗ ಜಗ್ಗಬೇಕು. ಕೈ ಹೋಗುವುದೂ ಇಂಥ ಕೆಲಸದಲ್ಲೇ: ರಾಶಿ ಮಷಿನ್ನಿಗೆ ತೆನೆ ತಳ್ಳುವಾಗ, ಮೇವು ಕತ್ತರಿಸುವಾಗ. ಒಕ್ಕುವ ಯಂತ್ರಗಳಿಗೆ ಸಿಕ್ಕು ಕೈ ಕಳೆದುಕೊಂಡವರು ದೇಶದಲ್ಲಿ ಎಷ್ಟು ಮಂದಿ ಆಗಿದ್ದರೆಂದರೆ, 1983ರಲ್ಲಿ ಅದಕ್ಕೆಂದೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು.

ಅಂದದ ಕೈಗೆ ಚರ್ಮದ ಬಣ್ಣದ ಗವಸು ಇರುತ್ತದೆ. ಮಣ್ಣು, ಎಣ್ಣೆ ತಾಗಿದರೆ ಕಲೆ ಹೋಗದು. ಹತ್ತಿಕಟ್ಟಿಗೆ ತಗುಲಿದರೆ ಹರಿಯುತ್ತದೆ. ಕೆಲವು ದಿನ ತೊಟ್ಟು ಗೂಟಕ್ಕೆ ನೇತುಹಾಕುವುದೇ ಅದರ ಗತಿ. ಬ್ಯಾಟರಿ ಕೈಯದು ಬೇರೆ ಕಥೆ. ಮೋಟುಗೈಯ ಸ್ನಾಯು ಬಿಗಿಯಾದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲೆ ಕೂತ ಎಲೆಕ್ಟ್ರೋಡ್ ಹಿಡಿದು ಮೋಟಾರು ತಿರುಗಿಸುತ್ತದೆ. ಐದು ಬೆರಳೂ ಬೇರೆಬೇರೆಯಾಗಿ ಮಡಚುವ ಅಂಥ ಕೈಯನ್ನು ಸ್ಕಾಟ್ಲೆಂಡಿನ ಟಚ್ ಬಯೋನಿಕ್ಸ್ ಕಂಪನಿ 2007ರಲ್ಲಿ ಮಾರುಕಟ್ಟೆಗೆ ತಂದಿತು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಅದು ದೊಡ್ಡ ವರ. ಆದರೆ ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೋಟುಗೈ ಕೂರುವ ಸಾಕೆಟ್ಟಿನೊಳಗೆ ಬೆವರು ತುಂಬಿದರೆ ಎಲೆಕ್ಟ್ರೋಡಿನ ಹಿಡಿತ ತಪ್ಪುತ್ತದೆ. ಇಂಥ ಹೆಚ್ಚಿನ ಕೈಗಳಿಗೆ ಕೆಸರೂ ಆಗದು, ನೀರೂ ಆಗದು. ಬೆಲೆ ಲಕ್ಷಗಳಲ್ಲಿ. ಕೆಟ್ಟರೆ ದೂರದ ಶಹರಕ್ಕೆ ಒಯ್ಯಬೇಕು, ಅಷ್ಟು ದಿನದ ಕೂಲಿ ಹೋಯಿತು.

ಇನ್ನು ಕೊಕ್ಕೆ. ಅಮೆರಿಕದಲ್ಲಿ ಡೊರಾನ್ಸ್ ಎಂಬವನ ಬಲಗೈ ಮರ ಕೊಯ್ಯುವ ಮಿಲ್ಲಿನಲ್ಲಿ ಹೋಯಿತು. ಆಗ ಸಿಗುತ್ತಿದ್ದ ಕೈಗಳು ಅವನಿಗೆ ಹಿಡಿಸಲಿಲ್ಲ. ಎರಡು ಕವಲಿನ ಕೊಕ್ಕೆಯನ್ನು ತಾನೇ ಮಾಡಿ 1912ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ಅದೇ ತತ್ವ ನಡೆದಿದೆ. ಎದುರು ಹೆಗಲಿಗೆ ಸುತ್ತಿದ ಪಟ್ಟಿಯಿಂದ ಒಂದು ಕೇಬಲ್ ತೋಳಿನುದ್ದಕ್ಕೂ ಬಂದು ಕೊಕ್ಕೆಗೆ ಸೇರುತ್ತದೆ. ಸೈಕಲ್ ಬ್ರೇಕಿನಲ್ಲಿ ಇರುವಂಥದ್ದೇ ಕೇಬಲ್. ತೋಳು ಮುಂದೆ ಚಾಚಿ ಹೆಗಲು ತುಸು ಅರಳಿಸಿದರೆ ಕೊಕ್ಕೆ ಬಾಯಿ ಬಿಡುತ್ತದೆ. ಹೆಗಲು ಸಡಿಲಿಸಿದರೆ ರಬ್ಬರ್ ಬಳೆಗಳು ಅದನ್ನು ಕಚ್ಚಿಸುತ್ತವೆ. ಬಾಯಿ ಎಷ್ಟು ತೆರೆಯಿತೆಂಬುದು ಕಣ್ಣು ಮುಚ್ಚಿದರೂ ಹೆಗಲಿಗೆ ಗೊತ್ತಾಗುತ್ತದೆ. ತುಂಬಿದ ಕೊಡ ಕೊಕ್ಕೆಯ ಬಾಗಿಗೆ ಬಿದ್ದರೆ ಸಾಕು, ಬಿಗಿ ಹಿಡಿಯುವ ಶ್ರಮವೇ ಇಲ್ಲ.

ಹಾಗೆಂದು ಕೊಕ್ಕೆಯನ್ನು ಕುರುಡಾಗಿ ಹೊಗಳಲಾರೆ. ಒಂದೊಂದು ರಬ್ಬರ್ ಬಳೆಗೆ ಸುಮಾರು ಅರ್ಧ ಕಿಲೋ ಹಿಡಿತ. ಸಲಿಕೆ ಕಾವು ಜಾರದಿರಲೆಂದು ಐದಾರು ಬಳೆ ಏರಿಸಿದರೆ, ಬಾಯಿ ಬಿಡಿಸುವ ಪ್ರತಿ ಸಲವೂ ಹೆಗಲು ಅಷ್ಟೂ ಭಾರ ಎಳೆಯಬೇಕು. ಸಂಜೆಗೆ ಒಳ್ಳೆಯ ಕೈಯ ಕಂಕುಳು ಪಟ್ಟಿ ಒತ್ತಿ ಕೆಂಪಾಗುತ್ತದೆ. ಎಳೆದರೆ ಮುಚ್ಚುವ ಇನ್ನೊಂದು ಬಗೆಯಿದೆ. ಅದರಲ್ಲಿ ಎಳೆದಷ್ಟು ಬಿಗಿ. ಹಗ್ಗ ಜಗ್ಗುವವರಿಗೆ ಅದೇ ಸರಿ, ಆದರೆ ಹಿಡಿದಿರುವಷ್ಟು ಹೊತ್ತೂ ಎಳೆದೇ ಇರಬೇಕು. ಯಾರ ಕೆಲಸಕ್ಕೆ ಯಾವುದು ಎಂದು ಕೇಳುವವರೇ ಇಲ್ಲದೆ ಎಲ್ಲರಿಗೂ ಒಂದೇ ಕೈ ಹಂಚಿ ಫೋಟೋ ತೆಗೆಸಿಕೊಳ್ಳುವ ಶಿಬಿರಗಳ ಮೇಲೆ ನನ್ನ ಸಿಟ್ಟು ಇರುವುದು ಇದಕ್ಕೇ.

ಕೊಕ್ಕೆ ಕಂಡರೆ ಮಕ್ಕಳು ಹೆದರುತ್ತಾರೆ, ಹೆಣ್ಣು ಕೊಡುವವರು ಹಿಂಜರಿಯುತ್ತಾರೆ ಎನ್ನುತ್ತಾರೆ. ಆ ನೋವು ಸುಳ್ಳಲ್ಲ. ಅದಕ್ಕೂ ದಾರಿಯಿದೆ: ಮಣಿಕಟ್ಟಿನ ಜಾಗದಲ್ಲಿ ತಿರುಪು ಇರುತ್ತದೆ. ಬೂದಿ ಬಸವೇಶ್ವರ ಜಾತ್ರೆಗೆ, ಮದುವೆಗೆ ಕೊಕ್ಕೆ ಬಿಚ್ಚಿ ಅದೇ ಸಾಕೆಟ್ಟಿಗೆ ಅಂದದ ಕೈ ಕೂಡಿಸಬಹುದು. ಎರಡನ್ನೂ ಕೇಳಿ ಪಡೆಯಬೇಕು.

ಮೊಣಕೈ ಮೇಲೆ ಕತ್ತರಿಸಿದವರಿಗೆ ಕೊಕ್ಕೆಯೂ ಇಷ್ಟು ಸಲೀಸಲ್ಲ. ಹೆಗಲಿನ ಶಕ್ತಿಯ ಒಂದು ಪಾಲು ಮೊಣಕೈ ಮಡಚುವುದಕ್ಕೇ ಹೋಗುತ್ತದೆ. ಮೊಣಕೈ ಉಳಿದವರಿಗೆ ನನ್ನ ತೀರ್ಮಾನ ಸ್ಪಷ್ಟ: ಮೊದಲು ಗಟ್ಟಿ ಸಾಕೆಟ್, ಆಮೇಲೆ ಉಕ್ಕಿನ ಕೊಕ್ಕೆ, ಬೆರಳಿನ ಮಾತು ಕೊನೆಗೆ.

ದೇವದುರ್ಗದಲ್ಲೋ ರಾಯಚೂರಲ್ಲೋ ಅಳತೆ ಕೊಡಲು ಹೋಗುವಾಗ ನಿಮ್ಮ ಸಲಿಕೆಯನ್ನೂ ಒಯ್ಯಿರಿ. ಕೈ ತಯಾರಾಗಿ ಬಂದ ದಿನವೂ ಒಯ್ಯಿರಿ. ಅದನ್ನು ತೊಟ್ಟು ಹತ್ತು ಸಲಿಕೆ ಮಣ್ಣು ಎತ್ತಿ ಹಾಕುವವರೆಗೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.