ಮುತ್ತಲ ನೋಡಲು ಬೇಗ ಬನ್ನಿ

ಬೆಂಗಳೂರಿನಲ್ಲಿ ಟಬೆಬುಯಾ ಅರಳಿದರೆ ಸಾಕು, ‘ನಮ್ಮೂರ ಚೆರ್ರಿ ಹೂ’ ಎಂದು ಜನ ಫೋನು ಹಿಡಿದು ಓಡುತ್ತಾರೆ. ಅಮೆರಿಕ ಖಂಡದಿಂದ ಬಂದ ಮರಕ್ಕೆ ಜಪಾನಿನ ಹೆಸರಿಟ್ಟು ಸಂಭ್ರಮಿಸುವವರು ಕಲಘಟಗಿ ಸೀಮೆಗೆ ಬಂದರೂ ಮುತ್ತಲ ಗಿಡದತ್ತ ಕಣ್ಣೆತ್ತುವುದಿಲ್ಲ. ಶಾಂತಿ ಬೇಕೆಂದು ಮುಂಡಗೋಡದ ಟಿಬೆಟನ್ ಗೊಂಪಾಗಳಿಗೆ ಹೋಗುತ್ತಾರೆ, ಸೆಲ್ಫಿ ತೆಗೆದುಕೊಂಡು ಮರಳುತ್ತಾರೆ. ಆ ಶಾಂತಿ ಇತ್ತ ದುಮ್ಮವಾಡದ ಹೊಲದಂಚಿನಲ್ಲಿ, ಮುತ್ತಲದ ಪಕ್ಕದಲ್ಲೇ, ಪೂಜಾರಿ ಬೆಳಿಗ್ಗೆ ಬಂದು ದೀಪ ಹಚ್ಚಿ ಹೋಗುವ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಸಿಗುತ್ತದೆ.

ಹೂ ತುಂಬಿದ ಮೇಲೆ ಬರಬೇಡಿ. ನಾನು ಹಟ ಹಿಡಿದು ಹೇಳುವುದು ಇದೊಂದನ್ನೇ. ಸಂಕ್ರಾಂತಿ ಕಳೆದು ಎಲೆ ಉದುರಿ, ಬೋಳು ಟೊಂಗೆಯ ಗೆಣ್ಣುಗಳಲ್ಲಿ ಕರಿ ಮೊಗ್ಗು ಕೂತಿರುವಾಗಲೇ ಬನ್ನಿ. ಬೌದ್ಧರ ಜಾತಕ ಕಥೆಗಳಲ್ಲಿ 248ನೆಯದು ಈ ಮರದ್ದೇ. ನಾಲ್ವರು ರಾಜಕುಮಾರರಿಗೆ ಸಾರಥಿ ಬೇರೆ ಬೇರೆ ಕಾಲದಲ್ಲಿ ಇದನ್ನು ತೋರಿಸುತ್ತಾನೆ. ಮೊಗ್ಗಿನ ಕಾಲದಲ್ಲಿ ಕಂಡ ಹಿರಿಯನಿಗೆ ಅದು ಸುಟ್ಟ ಕಂಬ, ಎಲೆ ಕಂಡವನಿಗೆ ಆಲ, ಹೂ ಕಂಡವನಿಗೆ ಮಾಂಸದ ತುಂಡು, ಕಾಯಿ ಕಂಡವನಿಗೆ ಶಿರೀಷ. ಈಗಿನವರಿಗೆಲ್ಲ ಮೂರನೆಯವನ ಪಾಲೇ ಬೇಕು. ನಾನು ಹಿರಿಯನ ಪಕ್ಷ.

ಚಿಕ್ಕವನಿದ್ದಾಗ ಹೋಳಿಯ ಬಣ್ಣಕ್ಕೆಂದು ಹೂ ಹುಡುಕುತ್ತಿದ್ದೆ. ನಮ್ಮ ಕಾಕಾ ಟೊಂಗೆ ಬಗ್ಗಿಸಿ, ಒಂದು ಮೊಗ್ಗನ್ನು ನನ್ನ ಕೆನ್ನೆಗೆ ತಾಗಿಸಿದರು. “ಹೂವ ಆಮ್ಯಾಲೆ ನೋಡೀಯಂತ, ಮೊದ್ಲ ಇದನ್ನ ಮುಟ್ಟು. ಆಕಳ ಕರುವಿನ ಕಿವಿ ಹಿಂಗ ಇರತೈತಿ.” ಅಂದಿನಿಂದ ನನಗೆ ಮುತ್ತಲವೆಂದರೆ ಆ ಕಪ್ಪೇ. ಹತ್ತಿರ ಹೋಗಿ ನೋಡಿ, ಪೂರ್ತಿ ಕಪ್ಪಲ್ಲ. ಕಂದು, ಪಾಚಿ, ಮಸಿ ಎಲ್ಲ ಬೆರೆತ ಮೃದು ರೋಮದ ಬಟ್ಟಲು. ಅದರ ತುದಿ ಬಿರಿದು ಕೆಂಪಿನ ಒಂದೇ ಗೆರೆ ಹೊರಗೆ ಇಣುಕುವ ಬೆಳಗು ಇದೆಯಲ್ಲ, ಇಡೀ ಮರ ಉರಿದಂತೆ ಕಾಣುವ ವಾರಕ್ಕಿಂತ ಅದು ದೊಡ್ಡದು. ಹೂವಿನ ಕೆಂಪಿಗೆ ಅಷ್ಟು ಕಾವು ಬರುವುದೂ ಪಕ್ಕದಲ್ಲಿ ಆ ಕಪ್ಪು ಇರುವುದರಿಂದಲೇ. ಟಬೆಬುಯಾದ ತಿಳಿಗುಲಾಬಿಗೆ ಇಂಥ ಆಸರೆ ಎಲ್ಲಿದೆ?

ಅರಳಿದ ಮೇಲೂ ಬರುವುದಾದರೆ ಎಳೆಬಿಸಿಲಿಗೆ ಎದುರಾಗಿ ನಿಲ್ಲಿ. ಎಸಳಿನ ಹೊರಮೈಯ ಸಣ್ಣ ರೋಮಗಳು ಬೆಳ್ಳಗೆ ಮಿಂಚುತ್ತವೆ. ಪರಿಮಳ ಹುಡುಕಬೇಡಿ, ಈ ಹೂವಿಗೆ ಅದಿಲ್ಲ. ಮಕರಂದಕ್ಕೆ ಗೊರವಂಕ, ಪಿಕಳಾರ, ಸೂರಕ್ಕಿಗಳು ಬರುತ್ತವೆ. ಹಾಗೇ ಹತ್ತಿರದಲ್ಲೇ ಬೇಡ್ತಿ ಹಳ್ಳಕ್ಕೆ 1955ರಲ್ಲಿ ಕಟ್ಟಿದ ನೀರಸಾಗರ ಜಲಾಶಯದ ದಂಡೆಯಲ್ಲೂ ಒಮ್ಮೆ ಅಡ್ಡಾಡಿ ಬನ್ನಿ.

ಒಂದು ವರ್ಷ ಅಕಾಲ ಮಳೆ ರಾತ್ರೋರಾತ್ರಿ ಹೂವನ್ನೆಲ್ಲ ಕೆಡವಿತು. ಅರಳಿದ್ದನ್ನು ನೋಡಲೆಂದೇ ಬಂದವರು ಬರಿಗೈಯಲ್ಲಿ ಹೋದರು. ಮೊಗ್ಗು ನೋಡಿದ್ದ ನಮಗೆ ಆ ವರ್ಷ ಏನೂ ಕಡಿಮೆಯಾಗಲಿಲ್ಲ.

ಹೋಳಿಗೆ ಬಣ್ಣ ಬೇಕಿದ್ದರೆ ನೆಲಕ್ಕೆ ಬಿದ್ದ ಹೂವನ್ನೇ ಆರಿಸಿ ಕುದಿಸಿ. ಟೊಂಗೆ ಮುರಿಯಬೇಡಿ, ಅದರಲ್ಲಿ ಇನ್ನೂ ಬಿರಿಯದ ಮೊಗ್ಗುಗಳಿರುತ್ತವೆ.